ಆಪರೇಷನ್ ಆದಮ್ಯಾಲೆ ಬರೋ ಹರ್ನಿಯಾಕ್ಕ ನಿಮ್ಮ ಕಡೆ ಏನಂತಾರ್ರಿ?

ನಮಸ್ಕಾರ್ರಿ ಎಲ್ಲಾರಿಗೂ. ಹೊಟ್ಟಿ ಆಪರೇಷನ್ ಆಗಿ ಮನಿಗೆ ಹೋಗೋರಿಗೆ ಕೊಡೋ ಒಂದು ಚೀಟಿ ಕನ್ನಡದಾಗ ಬರಿಯಾಕತ್ತೀನಿ, ಇಲ್ಲೇ ಹುಬ್ಬಳ್ಳಿಯೊಳಗ, ಇನ್ಸಿಷನಲ್ ಹರ್ನಿಯಾ ಅನ್ನೋ ಕಡೆ ಬಂದು ಪೆನ್ ನಿಂತೈತಿ. ಡಿಕ್ಷನರಿ ತೆಗದ್ರ ಹರ್ನಿಯಾ ಅಂದ್ರ ಅಂಡವಾಯು. ಗರ್ಭಚೀಲ ತೆಗಿಸಿದ ಹೆಣ್ಮಗಳ ಕೈಯಾಗ ‘ನಿಮಗ ಛೇದನ ಅಂಡವಾಯು ಆಗಬಹುದು’ ಅಂತ ಕೊಟ್ರ ಆಕಿ ಏನ್ ತಿಳ್ಕೋಬೇಕ್ರಿ?

ಇಲ್ಲೆ ಆಗೋದು ಇಷ್ಟು: ಮ್ಯಾಲಿನ ಚರ್ಮ ಚೊಲೊ ಕೂಡಿರ್ತೈತಿ, ಆದ್ರ ಒಳಗ ಹೊಟ್ಟಿ ಹಿಡದಿಟ್ಟ ಗಟ್ಟಿ ಪದರ ಕೊಯ್ದಲ್ಲೆ ಮೊದಲಿನಷ್ಟು ಗಟ್ಟಿ ಆಗಂಗಿಲ್ಲ, ಅಲ್ಲೆ ಸಂದು ಬಿದ್ದು ಒಳಗಿನ ಕೊಬ್ಬೋ ಕರಳೋ ಮುಂದಕ್ಕ ಒತ್ತಿ ಬರ್ತೈತಿ, ನಿಂತ್ರ ಕೆಮ್ಮಿದ್ರ ಉಬ್ಬತೈತಿ, ಮಲಗಿದ್ರ ಒಳಗ ಹೋಗ್ತೈತಿ. ಕೆಲವರಿಗೆ ತಿಂಗಳೊಪ್ಪತ್ತಿನ್ಯಾಗ, ಕೆಲವರಿಗೆ ವರ್ಷಗಟ್ಟಲೆ ಆದಮ್ಯಾಲೆ. ಗಾಯ ಕೀವಾಗಿದ್ರ, ಮೈ ಭಾಳ ಇದ್ರ, ಶುಗರ್, ಬೀಡಿ, ಬಿಡದ ಕೆಮ್ಮು ಇದ್ರ ಜಾಸ್ತಿ. ಡಾಕ್ಟರ್ ಹೊಲಿಯೋ ರೀತಿನೂ ಐತ್ರಿ: 2015ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಾದಾಗ ಬಂದ ನೆದರ್ಲೆಂಡ್ಸ್ ಟ್ರಯಲ್‌ನ್ಯಾಗ 1 ಸೆಂಟಿಮೀಟರ್ ದೊಡ್ಡ ಹೊಲಿಗಿ ಹಾಕಿದವರೊಳಗ ಒಂದು ವರ್ಷ ಆಗೋದ್ರೊಳಗ ಶೇ. 21 ಮಂದಿಗೆ ಹರ್ನಿಯಾ, 5 ಮಿಲಿಮೀಟರ್ ಸಣ್ಣ ಹೊಲಿಗಿಯವರೊಳಗ ಶೇ. 13.

ಈಗ ಹೆಸರಿಗೆ ಬರ್ತೀನಿ. ‘ಹೊಲಿಗಿ ಬಿಚ್ಚೇತಿ’ ಅನ್ನೋದು ಕೇಳಾಕ ಚೊಲೊ, ಆದ್ರ ಖರೇನ ಹೊಲಿಗಿ ಬಿಚ್ಚೋದು ಬ್ಯಾರೆನ ಐತಿ, ಆಪರೇಷನ್ ಆಗಿ ವಾರ ಹದಿನೈದು ದಿನದಾಗ ಒಮ್ಮೆಲೆ ಪಟ್ಟಿ ತೋಯ್ದು ಗಾಯ ಬಾಯಿ ಬಿಡ್ತೈತಿ, ಅದಕ್ಕ ಆ ಕ್ಷಣಾನ ದವಾಖಾನಿಗೆ ಓಡಬೇಕು. ಎರಡಕ್ಕೂ ಒಂದ ಹೆಸರಿಟ್ರ ಓಡಬೇಕಾದವರು ಕುಂತಿರ್ತಾರ. ‘ಗಡ್ಡಿ’ ಅಂದ್ರ ಮಂದಿ ಕ್ಯಾನ್ಸರ್ ಅಂತ ಎದಿ ಒಡಕೋತಾರ. ‘ಕರಳು ಇಳದೈತಿ’ ಅಂದ್ರ ತೊಡಿ ಸಂದಿನ ಹರ್ನಿಯಾ ನೆನಪಾಗ್ತೈತಿ.

ನನಗಂತೂ ‘ಹೊಲಿಗಿ ಜಾಗಾದ ಹರ್ನಿಯಾ’ ಸಾಕು ಅನಸ್ತೈತಿ, ಹರ್ನಿಯಾ ಎಲ್ಲಾರಿಗೂ ಗೊತ್ತಿದ್ದ ಮಾತು, ಅದನ್ನ ಸಂಸ್ಕೃತಕ್ಕ ಯಾಕ ಎಳೀಬೇಕು. ಹರ್ನಿಯಾ ಆಪರೇಷನ್‌ದಾಗ ಸಂದಿಗೆ ಹಾಕೋ ಮೆಶ್‌ಗೆ ‘ಜಾಳಗಿ’ ಅಂತ ಬರದೀನಿ, ಯಾರರ ಕಬ್ಬಿಣದ್ದು ಅನ್ಕೊಂಡಾರಂತ ‘ಪ್ಲಾಸ್ಟಿಕ್ ಎಳಿ ಜಾಳಗಿ’ ಅಂತ ಸೇರಿಸೀನಿ (ಪಾಲಿಪ್ರೊಪಿಲೀನ್ ಅಲ್ಲೇನ್ರಿ ಹೆಚ್ಚಾಗಿ). ಹೊಟ್ಟಿಗೆ ಕಟ್ಟೋ ಬೆಲ್ಟ್ ಉಬ್ಬು ಹಿಡಿತೈತಿ, ಸಂದು ಮುಚ್ಚಂಗಿಲ್ಲ ಅಂತಾನೂ ಐತಿ.

ಪೆನ್ ಸಿಕ್ಕೊಂಡಿರೋದು ಇನ್ನೊಂದು ಕಡೆ. ಕರಳು ಸಂದಿನ್ಯಾಗ ಹಿಡಕೊಂಡು ಒಳಗ ಹೋಗಲಾರದ್ದು ಒಂದು, ಅಲ್ಲೇ ಬಿಗದು ರಕ್ತ ಓಡಾಟ ನಿಲ್ಲೋದು ಇನ್ನೊಂದು. ಎರಡನೇದಾಗ ಉಬ್ಬು ಕಲ್ಲಾಗಿ, ನೋವು, ವಾಂತಿ, ಗಾಳಿ ಹೋಗೋದು ಬಂದ್, ತಡ ಆದ್ರ ಕರಳು ಸಾಯ್ತೈತಿ. ನಾನು ‘ಸಿಕ್ಕೊಳ್ಳೋದು’, ‘ಬಿಗಿಯೋದು’ ಅಂತ ಇಟ್ಟೀನಿ. ಗದಗ, ಹಾವೇರಿ ಕಡೆ ಹಿರ್ಯಾರ ಬಾಯಾಗ ಇದಕ್ಕ ಬ್ಯಾರೆ ಮಾತು ಇದ್ರ ತಿಳಸ್ರಿ, ಚೀಟಿ ಪ್ರಿಂಟಿಗೆ ಹೋಗೋಕಿಂತ ಮೊದ್ಲ.