ಕಾರು ಟ್ರೇಲರ್ ಎಳೆಯಲು 5 ಲಕ್ಷದೊಳಗೆ ಯಾವ ಹಳೆ ಗಾಡಿ?

ಪ್ರಶ್ನೆ (ಬದಿಯಡ್ಕದಿಂದ): ಅಣ್ಣಾ, ಅಜ್ಜನ ಕಾಲದ ಪದ್ಮಿನಿ ಕಾರನ್ನು ಸರಿ ಮಾಡಿಸಿದ್ದೇನೆ. ಟ್ರೇಲರಿಗೆ ಹಾಕಿ ಮಂಗಳೂರು, ಮಡಿಕೇರಿ ಕಡೆ ಒಯ್ಯಬೇಕು. ಕಾರು ಸುಮಾರು 900 ಕೆಜಿ, ಟ್ರೇಲರ್ 500. ಮನೆಯ ಸ್ವಿಫ್ಟ್ ಡೀಸೆಲ್ ಸಾಕಾ? ಇಲ್ಲದಿದ್ದರೆ 5 ಲಕ್ಷದೊಳಗೆ ಯಾವುದು ತೆಗೆದುಕೊಳ್ಳಲಿ?

ಉತ್ತರ: ಸ್ವಿಫ್ಟ್ ಬೇಡ ಮಾರಾಯ್ರೆ. ಸಾವಿರ ಚಿಲ್ಲರೆ ಕೆಜಿಯ ಗಾಡಿ, ಹಿಂದೆ 1400 ಕೆಜಿ. ಎಳೆಯಬಹುದು, ನಿಲ್ಲಿಸುವುದು ಹೇಗೆ? ಮೇಲಾಗಿ ಅದಕ್ಕೆ ಮುಂದಿನ ಚಕ್ರದಲ್ಲಿ ಓಟ. ಟ್ರೇಲರ್ ಹಿಂದೆ ಕೂತು ಒತ್ತಿದರೆ ಮುಂದಿನ ಚಕ್ರದ ಹಿಡಿತ ಹೋಗುತ್ತದೆ. ಮಳೆಯಲ್ಲಿ ಸಂಪಾಜೆ ಘಾಟಿ ಹತ್ತುವಾಗ ಚಕ್ರ ಸುಮ್ನೆ ತಿರುಗುತ್ತದೆ ಅಷ್ಟೆ.

ಲ್ಯಾಡರ್ ಚಾಸಿಸ್ (ಅಡಿಯಲ್ಲಿ ಏಣಿಯ ಹಾಗೆ ಎರಡು ಉದ್ದ ಕಬ್ಬಿಣದ ಪಟ್ಟಿಯ ಚೌಕಟ್ಟು) ಇರುವ, ಹಿಂದಿನ ಚಕ್ರ ಓಡುವ ಡೀಸೆಲ್ ಗಾಡಿ ನೋಡಿ. ಬೊಲೆರೊಗೆ ಸ್ಪೇರ್ ಎಲ್ಲಿ ಬೇಕಾದರೂ ಸಿಗುತ್ತದೆ, ಆದರೆ ಹಳೆಯ 2.5 ಲೀಟರ್ ಎಂಜಿನ್ನಿಗೆ 63 ಎಚ್‌ಪಿ ಮಾತ್ರ, ಘಾಟಿಯಲ್ಲಿ ತಾಳ್ಮೆ ಬೇಕು. ಸುಮೋ ಗೋಲ್ಡಿನ 3 ಲೀಟರ್ ಎಂಜಿನ್ ಇದಕ್ಕಿಂತ ಗಟ್ಟಿ. ನನ್ನನ್ನು ಕೇಳಿದರೆ 2.2 ಎಂಹಾಕ್ ಎಂಜಿನ್ನಿನ ಸ್ಕಾರ್ಪಿಯೊ. 120 ಎಚ್‌ಪಿ, ಗಾಡಿಯೂ ಭಾರ. ಯಾವುದಾದರೂ ಸರಿ, ಕಂಪನಿ ಎಷ್ಟು ಎಳೆಯಬಹುದು ಎಂದಿದೆ ಅಂತ ಮೊದಲು ನೋಡಿ.

ಕಡಲ ಬದಿಯ ಗಾಡಿಯಾದರೆ ಅಡಿಗೆ ಮಲಗಿ ಚಾಸಿಸ್ಸನ್ನು ಸ್ಕ್ರೂಡ್ರೈವರಿನಲ್ಲಿ ಕುಟ್ಟಿ. ಟಣ್ ಎನ್ನಬೇಕು. ಹೊಸ ಕಪ್ಪು ಪೇಂಟಿನಡಿಯಿಂದ ತುಕ್ಕಿನ ಪದರ ಉದುರಿದರೆ ರೇಟು ಕೇಳದೆ ಎದ್ದು ಬನ್ನಿ. ಆಮೇಲೆ ಚಡಾವಿನಲ್ಲಿ ಮೂರನೇ ಗೇರಿಗೆ ಹಾಕಿ ಒತ್ತಿ. ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ಪುತ್ತೂರು, ಸುಳ್ಯದ ಕೆಎ ನಂಬರಿನದು ಕಡಿಮೆಗೆ ಸಿಕ್ಕಿತೆಂದು ಹಾರಬೇಡಿ. ಎನ್‌ಒಸಿ, ಕೇರಳದ ಟ್ಯಾಕ್ಸ್ ಎಲ್ಲ ಕಟ್ಟಿ ನಮ್ಮ ಕಾಸರಗೋಡಿನ ಕೆಎಲ್-14 ನಂಬರು ಆಗುವಾಗ ಲಾಭ ಕರಗಿರುತ್ತದೆ. ರಿಜಿಸ್ಟ್ರೇಶನ್ನಿನ 15 ವರ್ಷ ಮುಗಿಯಲು ಎಷ್ಟು ಬಾಕಿ ಎಂದು ಆರ್‌ಸಿಯಲ್ಲಿ ನೋಡಿ. ಟ್ರೇಲರಿಗೂ ಬೇರೆ ರಿಜಿಸ್ಟ್ರೇಶನ್ ಬೇಕು.

ಪ್ರಶ್ನೆ: ಥ್ಯಾಂಕ್ಸ್ ಅಣ್ಣಾ. ಇಲ್ಲಿ ವೆಲ್ಡಿಂಗಿನವರು ಟ್ರೇಲರ್ ಸಿಕ್ಕಿಸುವ ಕೊಕ್ಕೆಯನ್ನು ಬಂಪರಿಗೇ ವೆಲ್ಡ್ ಮಾಡಿ ಕೊಡ್ತೇನೆ ಅಂತಾರೆ. ಆಗ್ಬಹುದಾ?

ಉತ್ತರ: ಬೇಡವೇ ಬೇಡ. ಚಾಸಿಸ್ಸಿನ ಎರಡೂ ಪಟ್ಟಿಗೆ ಬೋಲ್ಟ್ ಹಾಕಿ ಕೂರಿಸಬೇಕು. ಟ್ರೇಲರಿನ ಒಟ್ಟು ಭಾರದ ಹತ್ತನೇ ಒಂದು ಪಾಲು ಕೊಕ್ಕೆಯ ಮೇಲೆ ಕೂರಬೇಕು, ನಿಮ್ಮದರಲ್ಲಿ 140 ಕೆಜಿ. ಅದಕ್ಕೇ ಎಂಜಿನ್ ಮುಂದೆ ಬರುವಂತೆ ಕಾರು ಹತ್ತಿಸಿ. ನಾನೊಮ್ಮೆ ಇಳಿಸಲು ಸುಲಭ ಅಂತ ರಿವರ್ಸಿನಲ್ಲಿ ಹತ್ತಿಸಿದ್ದೆ. ಜಾಲ್ಸೂರು ದಾಟಿ 60ಕ್ಕೆ ಬಂದದ್ದೇ ತಡ, ಟ್ರೇಲರ್ ನಾಯಿ ಬಾಲದ ಹಾಗೆ ಅಲ್ಲಾಡತೊಡಗಿತು. ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟೆ, ಮೆಲ್ಲ ತಣ್ಣಗಾಯಿತು. ಅಲ್ಲೇ ಅಂಗಡಿಯೆದುರು ಕಾರು ಇಳಿಸಿ, ತಿರುಗಿಸಿ ಹತ್ತಿಸಿದೆ.

ಹಾಂ, ಟ್ರೇಲರಿಗೆ ಅದರದ್ದೇ ಬ್ರೇಕ್ ಇದೆಯಾ? ಫೋಟೋ ಹಾಕಿ, ನೋಡುವ.