ಎಂ.ಆರ್ಕ್ ಮುಗಿಸಿ ನೇರ ಪಾಠ ಮಾಡಲು ಹೋಗಬಹುದಾ?

ಪ್ರಶ್ನೆ: ಜೂನ್‌ಗೆ ನನ್ನ ಎಂ.ಆರ್ಕ್ (ಆರ್ಕಿಟೆಕ್ಚರ್ ಸ್ನಾತಕೋತ್ತರ ಪದವಿ) ಮುಗಿಯುತ್ತದೆ. ಆಫೀಸಲ್ಲಿ ಕೂತು ಟಾಯ್ಲೆಟ್ ಡೀಟೇಲ್ ಬಿಡಿಸುವುದಕ್ಕಿಂತ ಕಾಲೇಜಲ್ಲಿ ಪಾಠ ಮಾಡುವುದೇ ಇಷ್ಟ. ಆದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ಪಟ್ಟಿಯಲ್ಲಿ ಆರ್ಕಿಟೆಕ್ಚರ್ ವಿಷಯವೇ ಇಲ್ಲ. ಹಾಗಾದರೆ ದಾರಿ ಯಾವುದು? ಪಿಎಚ್‌ಡಿ ಈಗಲೇ ಬೇಕಾ?

ಉತ್ತರ 1: ನೆಟ್ ಚಿಂತೆ ಬಿಡಿ. ನಮ್ಮ ಕೋರ್ಸಿನ ನಿಯಮ ಮಾಡುವುದು 1972ರ ಕಾಯ್ದೆಯಡಿ ಬಂದ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್. ಬಿ.ಆರ್ಕ್ ಜೊತೆ ಎಂ.ಆರ್ಕ್ ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. ಕೌನ್ಸಿಲ್ ನೋಂದಣಿ ಮಾತ್ರ ನವೀಕರಿಸಿ ಇಟ್ಟುಕೊಳ್ಳಿ, ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದೇ ಅದನ್ನು. ಪಿಎಚ್‌ಡಿ ಆಮೇಲೆ ನೋಡಿಕೊಳ್ಳಿ.

ಉತ್ತರ 2: ಸಂಬಳದ ಮಾತು ಯಾರೂ ಎತ್ತಲ್ಲ, ಅಲ್ವಾ? ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಶುರುವಿನ ಮೂಲ ವೇತನ 57,700 ರೂಪಾಯಿ. ನಾನು ಸೇರಿದ ಖಾಸಗಿ ಕಾಲೇಜು ಕೊಟ್ಟಿದ್ದು ಅದರ ಅರ್ಧ, ಜೊತೆಗೆ ಅಡ್ಮಿಷನ್ ಸಮಯದಲ್ಲಿ ಪೋಷಕರಿಗೆ ಫೋನ್ ಮಾಡುವ ಕೆಲಸ ಬೇರೆ.

ಉತ್ತರ 3: ನಾನು ಪಾಠ ಮಾಡಿದ ಮೊದಲ ಸ್ಟುಡಿಯೋದಲ್ಲಿ (ವಿನ್ಯಾಸದ ತರಗತಿ) ಒಬ್ಬ ಹುಡುಗಿ ಥರ್ಮಕೋಲ್ ಮಾಡೆಲ್ ಎತ್ತಿ ಹಿಡಿದು, "ಸರ್, ಈ ಕಿಟಕಿಗೆ ಸಜ್ಜಾ ಎಷ್ಟು ಮುಂದೆ ಬರಬೇಕು?" ಅಂದಳು. ನೂರು ಪುಟ ಥೀಸಿಸ್ ಬರೆದ ನಾನು ಸುಮ್ನೆ ನಿಂತೆ. ಎರಡು ವರ್ಷ ಸೈಟಲ್ಲಿ ಮಣ್ಣು ಮೆತ್ತಿಕೊಳ್ಳಿ, ಜೊತೆಗೆ ವಾರಕ್ಕೆರಡು ದಿನ ಕಾಲೇಜಿಗೆ ವಿಸಿಟಿಂಗ್ (ಅತಿಥಿ ಅಧ್ಯಾಪಕ) ಹೋಗಿ.

ಪ್ರಶ್ನೆ ಕೇಳಿದವರು: ಸರಿ ಸರ್, ಆ ಸಜ್ಜಾ ಎಷ್ಟಿರಬೇಕಿತ್ತು?