ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ಮೇಲೆ ಗಾಡಿ ಕೂರೋ ವ್ಯವಸ್ಥೆ): ಬೆಳಿಗ್ಗೆ ನೋಡಿದರೆ ಗಾಡಿ ಮುಂದೆ ಕುಸಿದಿರುತ್ತೆ, ಯಾರಾದರೂ ದಾರಿ ಹೇಳಿ

ದುರ್ಗದಗಾಳಿ: ಜರ್ಮನ್ ಕಾರು, ಚಿತ್ರದುರ್ಗ. ರಾತ್ರಿ ನಿಲ್ಲಿಸಿದ್ದು ಬೆಳಿಗ್ಗೆ ಮುಂದೆ ಕುಸಿದಿರುತ್ತೆ. ಸ್ಟಾರ್ಟ್ ಮಾಡಿದರೆ ನಿಧಾನಕ್ಕೆ ಏಳುತ್ತೆ. ಬೆಂಗಳೂರಲ್ಲಿ ಗಾಳಿ ತುಂಬೋ ಕಂಪ್ರೆಸರ್ ಹೊಸದು ಹಾಕಿಸಿದೆ. ಮತ್ತದೇ ಕಥೆ. ಈಗ ನಾಲ್ಕೂ ಸ್ಟ್ರಟ್ (ಪ್ರತಿ ಚಕ್ರದ ಹತ್ರ ಗಾಡಿ ಎತ್ತಿ ಹಿಡಿಯೋ, ಗಾಳಿಯ ರಬ್ಬರ್ ಚೀಲ ಇರೋ ಕಂಬ) ಬದಲಾಯಿಸಿ ಅಂತಾರೆ. ತಲೆ ಕೆಟ್ಟು ಹೋಗಿದೆ.

ಪಿಬಿರಸ್ತೆ: ಕಂಪ್ರೆಸರ್‌ಗೆ ಕರೆಂಟ್ ಕೊಡೋ ಸ್ವಿಚ್ ಇದೆಯಲ್ಲ, ಆ ರಿಲೇ ನೋಡಿ ಸಾರ್. ಕಾಂಟ್ಯಾಕ್ಟ್ ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟು ಹೋಗುತ್ತೆ.

ದುರ್ಗದಗಾಳಿ: ರಿಲೇನೂ ಹೊಸದೇ.

ಪಿಬಿರಸ್ತೆ: ಹಾಗಾದ್ರೆ ಫ್ಯೂಸ್ ನೋಡಿ. ಬ್ಯಾಟರಿ ವೋಲ್ಟೇಜೂ ನೋಡಿ. ರಿಲೇ ಒರಿಜಿನಲ್ ತಾನೇ?

ಹಳೇಡೀಸೆಲ್: ಗಾಡಿ ಏಳ್ತಿದೆ ಅಂದ್ಮೇಲೆ ಕಂಪ್ರೆಸರೂ ರಿಲೇನೂ ಕೆಲಸ ಮಾಡ್ತಿವೆ. ರಿಲೇ ಬಿಡಿ. ಗಾಳಿ ಎಲ್ಲಿ ಸೋರ್ತಿದೆ ಅದನ್ನು ಹುಡುಕಬೇಕು. ಸೋರಿಕೆ ಹಾಗೇ ಇದ್ದರೆ ಹೊಸ ಕಂಪ್ರೆಸರೂ ಜಾಸ್ತಿ ಓಡಿ ಓಡಿ ಹಾಳಾಗುತ್ತೆ. ಯಾವ ವರ್ಷದ್ದು? ಎರಡೂ ಕಡೆ ಕುಸಿಯುತ್ತಾ?

ದುರ್ಗದಗಾಳಿ: 2004. ಎಡಗಡೆ ಮಾತ್ರ. ಹೇಳಿರಲಿಲ್ವಾ?

ಅಂಬಿಪ್ರಿಯ: ಗಾಳಿ ಸ್ಟ್ರಟ್ ತೆಗೆದು ಮಾಮೂಲಿ ಕಾಯಿಲ್ ಸ್ಪ್ರಿಂಗ್ ಹಾಕಿ ಮುಗಿಸಿ ಅಣ್ಣಾ. ನನ್ನ ಅಂಬಾಸಿಡರ್‌ಗೆ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಥರ ಕೆಲಸ ಮಾಡೋ ಉಕ್ಕಿನ ಸರಳು), ಹಿಂದೆ ಲೀಫ್ ಸ್ಪ್ರಿಂಗ್. 2014ರಲ್ಲಿ ಗಾಡಿ ತಯಾರಿಕೆ ನಿಂತರೂ ಬುಷ್ ಹರಿಹರದ ಲೇತ್‌ನಲ್ಲೇ ಮಾಡಿಸಿಕೊಂಡೆ.

ಪಿಬಿರಸ್ತೆ: ಕಾಯಿಲ್ ಹಾಕಿದರೆ ಡ್ಯಾಶ್‌ಬೋರ್ಡಲ್ಲಿ ವಾರ್ನಿಂಗ್ ಲೈಟ್ ಉರೀತಾನೇ ಇರುತ್ತೆ. ಆ ಗಾಡಿ ತಗೊಳ್ಳೋದೇ ಆ ಸವಾರಿಗೆ. ಅಂಬಾಸಿಡರ್ ಜೊತೆ ಹೋಲಿಸಬೇಡಿ.

ಅಂಬಿಪ್ರಿಯ: ಲೈಟ್ ಉರಿದರೆ ಉರೀಲಿ. ಹೈವೇಲಿ ನಿಂತು ಬಿಟ್ರೆ ಸವಾರಿ ಎಲ್ಲಿ ಬಂತು?

ಹಳೇಡೀಸೆಲ್: ಆ ಜಗಳ ಬೇರೆ ಕಡೆ ಇಟ್ಕೊಳ್ಳಿ. ದುರ್ಗದವರೇ, ಒಂದೇ ಮೂಲೆ ಅಂದ್ರೆ ಆ ಸ್ಟ್ರಟ್, ಅದರ ಪೈಪ್, ಇಲ್ಲಾ ಗಾಳಿಯನ್ನು ಮೂಲೆ ಮೂಲೆಗೆ ಹಂಚೋ ವಾಲ್ವ್ ಬ್ಲಾಕಲ್ಲಿ ಆ ಪೈಪ್ ಸೇರೋ ಜಾಗ. ನಾಲ್ಕು ಸ್ಟ್ರಟ್ ಯಾಕೆ? ಗಾಡಿ ಪೂರ್ತಿ ಏರಿಸಿ ಆಫ್ ಮಾಡಿ. ಪಾತ್ರೆ ತೊಳೆಯೋ ಸೋಪಿನ ನೀರು ಸ್ಪ್ರೇ ಮಾಡಿ. ಮೊದಲು ಸ್ಟ್ರಟ್ ತಲೆ ಮೇಲೆ ಪೈಪ್ ಕೂರೋ ಜಾಗಕ್ಕೆ, ಆಮೇಲೆ ರಬ್ಬರ್ ಮಡಿಕೆಗೆ. ಸಣ್ಣ ಸೋರಿಕೆ ಆದರೆ ಗುಳ್ಳೆ ತಡವಾಗಿ ಏಳುತ್ತೆ, ಸ್ವಲ್ಪ ಹೊತ್ತು ಕಾಯಿರಿ. ಸ್ಟ್ಯಾಂಡ್ ಕೊಡದೆ ಕೆಳಗೆ ಕೈ ಹಾಕಬೇಡಿ. ಗಾಳಿ ಇಳಿದರೆ ಗಾಡಿ ಮೈಮೇಲೆ ಕೂರುತ್ತೆ.

ದುರ್ಗದಗಾಳಿ: ಸ್ಟ್ರಟ್ ತಲೆ ಹತ್ರ, ಪೈಪಿನ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಬರ್ತಿವೆ! ರಬ್ಬರಿನಲ್ಲಿ ಏನೂ ಇಲ್ಲ. ಪೈಪನ್ನು ಸ್ಟ್ರಟ್‌ಗೆ ಸೇರಿಸೋ ಆ ಯೂನಿಯನ್ ದಾವಣಗೆರೇಲಿ ಸಿಗುತ್ತಾ?

ಪಿಬಿರಸ್ತೆ: ಲಾರಿ ಏರ್ ಬ್ರೇಕ್ ಅಂಗಡೀಲಿ ಕೇಳಿ. ಆದರೂ ರಿಲೇ ಒಮ್ಮೆ ನೋಡಿಸಿಬಿಡಿ.

ಹಳೇಡೀಸೆಲ್: ಲಾರಿದು ಅಳತೆ ಹೊಂದದೇ ಇರಬಹುದು. ಹಳೇದನ್ನು ಬಿಚ್ಚಿ, ಜೊತೆಗೇ ಒಯ್ದು ಹೋಲಿಸಿ ನೋಡಿ. ಬಿಚ್ಚೋ ಮುಂಚೆ ಆ ಮೂಲೆಯ ಗಾಳಿ ಪೂರ್ತಿ ಇಳಿಸಿ.